ಸರಕು ತಲುಪಿತು, ಮಾತು ತಲುಪಲಿಲ್ಲ

2007ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಇಬ್ಬರು ಎಂಜಿನಿಯರುಗಳು ಫ್ಲಿಪ್‌ಕಾರ್ಟ್ ಹೆಸರಿನಲ್ಲಿ ಪುಸ್ತಕ ಮಾರಲು ಶುರು ಮಾಡಿದರು. 2010ರಲ್ಲಿ, ಸರಕು ಕೈಗೆ ಬಂದ ಮೇಲೆ ದುಡ್ಡು ಕೊಟ್ಟರೆ ಸಾಕು ಎಂದರು. 2013ರ ಜೂನ್‌ನಲ್ಲಿ ಅಮೆಜಾನ್ ಬಂತು, 2015ರಲ್ಲಿ ಮೀಶೋ ಹುಟ್ಟಿತು, 2016ರಲ್ಲಿ ಯುಪಿಐ ಮತ್ತು ಜಿಯೋ ಒಂದರ ಬೆನ್ನಿಗೊಂದು ಬಂದವು. 2020ರಲ್ಲಿ ಫ್ಲಿಪ್‌ಕಾರ್ಟೂ ಅಮೆಜಾನೂ ಕನ್ನಡ ಕಲಿತವು. ‘ನಿಮ್ಮ ಪಿನ್‌ಕೋಡಿಗೆ ಸೇವೆ ಲಭ್ಯವಿಲ್ಲ’ ಎಂಬ ಮಾತನ್ನು ಕೇಳಿ ಸಾಕಾಗಿದ್ದ ನಮ್ಮ ಕಡೆಯ ಜನ ಈಗ ಅದನ್ನು ಮರೆತೇ ಬಿಟ್ಟಿದ್ದಾರೆ. ಚಿತ್ರದುರ್ಗದ 577501 ಇರಲಿ, ಹಿರಿಯೂರಿನ 577598 ಇರಲಿ, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಿರಲಿ, ಬೈಕಿನ ಹಿಂದೆ ದೊಡ್ಡ ಚೀಲ ಕಟ್ಟಿಕೊಂಡ ಹುಡುಗ ದಿನಾ ಓಡಾಡುತ್ತಾನೆ. ಸೀರೆ, ಚಪ್ಪಲಿ, ಮಿಕ್ಸಿ ಜಾರು, ಬ್ಯಾಟರಿ ಸ್ಪ್ರೇಯರು, ಡ್ರಿಪ್ಪಿನ ಬಿಡಿಭಾಗ, ಅಡಿಕೆ ಹರಡುವ ಟಾರ್ಪಾಲು ಎಲ್ಲವೂ ಮನೆ ಬಾಗಿಲಿಗೇ ಬರುತ್ತವೆ.

ಇಷ್ಟು ವರ್ಷಗಳ ಗಳಿಕೆಯನ್ನು ಅಲ್ಲಗಳೆಯುವಂತಿಲ್ಲ. ಊರಿನ ಒಂದೇ ಅಂಗಡಿ ಹೇಳಿದ ಬೆಲೆಗೆ ತಲೆಯಾಡಿಸಬೇಕಾದ ಕಾಲ ಹೋಯಿತು. ಪೇಟೆಗೆ ಹೋಗಿ ಬರುವ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಉಳಿದವು. ಆದರೆ ಒಂದು ಲೆಕ್ಕ ಮಾತ್ರ ಕೂಡಿಬರುತ್ತಿಲ್ಲ. ಖರೀದಿ ಏರಿದಷ್ಟೂ, ಮಾರಿದವನಿಗೆ ನಾಲ್ಕು ಮಾತು ಹೇಳುವುದು ಇಳಿಯುತ್ತಿದೆ. ಜಾಲದಲ್ಲಿ ಸರಕು ಮಾರುವ ಯಾರನ್ನೇ ಕೇಳಿ, ಇದೇ ಅಳಲು: ನೂರು ಪಾರ್ಸೆಲ್ ಹೋದರೂ ಹೇಗಿತ್ತೆಂದು ಬರೆಯುವವರು ಬೆರಳೆಣಿಕೆಯಷ್ಟು ಮಂದಿ.

ನಮ್ಮ ಜನಕ್ಕೆ ಮಾತು ಬರುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಸಂತೆಗೆ ಒಮ್ಮೆ ಹೋಗಿ ನಿಂತರೆ ಸಾಕು. “ಏನಪ್ಪಾ, ಹೋದ ವಾರದ ಹುಣಸೆಹಣ್ಣಲ್ಲಿ ಬರೀ ಬೀಜ” ಎಂದು ಒಬ್ಬಾಕೆ ಗದರುತ್ತಾಳೆ. “ಅಯ್ಯೋ ಅಕ್ಕ, ಈ ಸಲ ನೀವೇ ಬಿಡಿಸಿ ನೋಡಿ ತಗೊಳ್ಳಿ” ಎಂದು ಅವನು ಒಂದು ಉಂಡೆ ಮುರಿದು ಕೈಗಿಡುತ್ತಾನೆ. ಪಕ್ಕದಲ್ಲಿ ನಿಂತ ಮೂವರು ಅದನ್ನು ಕೇಳಿಸಿಕೊಂಡಿರುತ್ತಾರೆ. ದೂರು, ಉತ್ತರ, ಪರಿಹಾರ, ಊರಿನವರಿಗೆ ಎಚ್ಚರಿಕೆ, ನಾಲ್ಕೂ ಅರ್ಧ ನಿಮಿಷದಲ್ಲಿ ಮುಗಿಯುತ್ತವೆ. ಭೀಮಸಮುದ್ರದ ಅಡಿಕೆ ಮಂಡಿಗಳಲ್ಲೂ ಹೀಗೆಯೇ. ಯಾವ ಮಂಡಿಯ ತೂಕ ಸರಿ, ಯಾರು ದುಡ್ಡು ಬೇಗ ಕೊಡುತ್ತಾರೆ ಎಂಬುದು ಹೊಳಲ್ಕೆರೆಯ ತೋಟದವರಿಗೆ ಯಾರೂ ಬರೆದಿಡದೆಯೇ ಗೊತ್ತು.

ಹಾಗಾಗಿ ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ: ಮಾತು ಕಡಿಮೆಯಾಗಿಲ್ಲ, ಅದು ಮಾರಿದವನ ಕಿವಿಗೆ ಬೀಳುವ ದಾರಿ ಮುಚ್ಚಿದೆ.

ಈ ದಾರಿ ಮೊದಲು ತೆರೆದದ್ದು ಹೇಗೆಂದು ನೋಡಬೇಕು. ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ 1995ರಲ್ಲಿ ಈಬೇ ಆರಂಭಿಸಿದಾಗ ಕೊಳ್ಳುವವರೂ ಮಾರುವವರೂ ಪರಸ್ಪರ ಮುಖ ನೋಡದವರು. ನಂಬಿಕೆ ಹುಟ್ಟಲೆಂದು ಮರುವರ್ಷವೇ ಒಂದು ಏರ್ಪಾಡು ಬಂತು. ವ್ಯವಹಾರ ಮುಗಿದ ಮೇಲೆ ಕೊಂಡವನು ಮಾರಿದವನ ಬಗ್ಗೆ, ಮಾರಿದವನು ಕೊಂಡವನ ಬಗ್ಗೆ ಎಲ್ಲರಿಗೂ ಕಾಣುವಂತೆ ಬರೆಯಬಹುದಿತ್ತು. ರೆಸ್ನಿಕ್ ಮತ್ತು ಝೆಕ್‌ಹೌಸರ್ ಎಂಬ ಇಬ್ಬರು ವಿದ್ವಾಂಸರು 1999ರ ವಹಿವಾಟುಗಳನ್ನು ಜಾಲಾಡಿ 2002ರಲ್ಲಿ ಲೆಕ್ಕ ಪ್ರಕಟಿಸಿದರು. ಶೇ 52.1ರಷ್ಟು ವಹಿವಾಟುಗಳಲ್ಲಿ ಕೊಂಡವರು ಮಾರಿದವರ ಬಗ್ಗೆ ಬರೆದಿದ್ದರು, ಶೇ 60.6ರಲ್ಲಿ ಮಾರಿದವರು ಕೊಂಡವರ ಬಗ್ಗೆ ಬರೆದಿದ್ದರು. ಬಿಡಿಗಾಸಿನ ಲಾಭವಿಲ್ಲದ ಕೆಲಸಕ್ಕೆ ಅರ್ಧಕ್ಕಿಂತ ಹೆಚ್ಚು ಜನ ಕೈಹಾಕಿದ್ದೇಕೆ? ನಮ್ಮ ಮದುವೆಗಳ ಮುಯ್ಯಿಯನ್ನು ನೆನೆದರೆ ಉತ್ತರ ಸಿಗುತ್ತದೆ. ನಿಮ್ಮ ಮನೆಯ ಮದುವೆಯಲ್ಲಿ ಮುಯ್ಯಿ ಬರೆಸಿದವರ ಮನೆಯಲ್ಲಿ ನೀವೂ ಬರೆಸಲೇಬೇಕು, ಇಲ್ಲದಿದ್ದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಈಬೇಯಲ್ಲೂ ‘ನೀವು ನನಗೊಂದು ಒಳ್ಳೆಯ ಮಾತು, ನಾನು ನಿಮಗೊಂದು’ ಎಂಬ ಋಣ ನಡೆಯುತ್ತಿತ್ತು.

ಮುಯ್ಯಿಗೆ ಇನ್ನೊಂದು ಮುಖವೂ ಇದೆ, ಅದು ಸೇಡಿನದು. ಕೊಂಡವನು ಕೆಟ್ಟದ್ದು ಬರೆದರೆ ಮಾರಿದವನೂ ತಿರುಗಿ ಕೆಟ್ಟದ್ದೇ ಬರೆಯುತ್ತಿದ್ದ. ಆ ಲೆಕ್ಕದಲ್ಲಿ ಕೊಂಡವರು ಬರೆದ ಕೆಟ್ಟ ಮಾತು ಶೇ 1ಕ್ಕೂ ಕಡಿಮೆ ಇದ್ದುದಕ್ಕೆ ಈ ಅಂಜಿಕೆಯೂ ಒಂದು ಕಾರಣ. 2008ರಲ್ಲಿ ಈಬೇ, ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟದ್ದು ಬರೆಯುವಂತಿಲ್ಲ ಎಂದು ಕಟ್ಟಪ್ಪಣೆ ಮಾಡಿತು. ಅಂಜಿಕೆ ಹೋಯಿತು, ಜೊತೆಗೆ ಋಣವೂ ಸಡಿಲವಾಯಿತು. ನಮ್ಮ ದೇಶದ ಕಥೆಯೇ ಬೇರೆ. 2004ರಲ್ಲಿ ಬಾಝೀ ತಾಣವನ್ನು ಕೊಂಡು ಭಾರತಕ್ಕೆ ಕಾಲಿಟ್ಟ ಈಬೇ 2018ರಲ್ಲಿ ಬಾಗಿಲು ಹಾಕಿತು. ಉಳಿದ ದೊಡ್ಡ ತಾಣಗಳಲ್ಲಿ ಕೊಂಡವನ ಹೆಸರಿಗೆ ಯಾವ ಬಹಿರಂಗ ಲೆಕ್ಕವೂ ಇಲ್ಲ. ಬರೆದರೆ ಅವನಿಗೆ ಬರುವುದೇನೂ ಇಲ್ಲ, ಬಿಟ್ಟರೆ ಹೋಗುವುದೂ ಇಲ್ಲ. ಹೊಸದುರ್ಗದ ಗೃಹಿಣಿ ಸೂರತ್ತಿನ ಸೀರೆ ವ್ಯಾಪಾರಿಯನ್ನು ಯಾವ ಜಾತ್ರೆಯಲ್ಲೂ ಎದುರುಗೊಳ್ಳುವುದಿಲ್ಲ.

ಇದು ಎಲ್ಲ ಊರಿಗೂ ಅನ್ವಯಿಸುವ ಮಾತು. ನಮ್ಮ ತಾಲ್ಲೂಕುಗಳಿಗೆ ಇನ್ನಷ್ಟು ಕಾರಣಗಳಿವೆ.

ಮೊದಲನೆಯದು, ಖಾತೆ ಕೊಂಡವರದಲ್ಲ. ಹಳ್ಳಿಯ ತಾಯಿಗೆ ಬೇಕಾದ ಕುಕ್ಕರನ್ನು ಬೆಂಗಳೂರಿನ ಮಗ ತನ್ನ ಫೋನಿನಲ್ಲಿ ಬುಕ್ ಮಾಡುತ್ತಾನೆ. ಮಗನಿಲ್ಲದವರಿಗೆ ಪಕ್ಕದ ಮನೆಯ ಕಾಲೇಜು ಹುಡುಗಿ, ಮೊಬೈಲ್ ರೀಚಾರ್ಜ್ ಅಂಗಡಿಯವನು. ಕುಕ್ಕರಿನ ಸೀಟಿ ಕೂಗದಿದ್ದುದು ಗೊತ್ತಾಗುವುದು ತಾಯಿಗೆ, ‘ನಿಮ್ಮ ಅನುಭವ ಹೇಗಿತ್ತು’ ಎಂದು ಕೇಳುವುದು ಮಗನ ಫೋನು. ಅವನು ಆಫೀಸಿನ ಬಸ್ಸಿನಲ್ಲಿ ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳುತ್ತಾನೆ.

ಎರಡನೆಯದು, ಕೇಳುವ ಹೊತ್ತು ಸರಿಯಿಲ್ಲ. ಪಾರ್ಸೆಲ್ ಬಂದ ಎರಡು ಮೂರು ದಿನಕ್ಕೇ ಅಭಿಪ್ರಾಯ ಕೇಳುತ್ತಾರೆ. ಬೇಸಿಗೆಯ ರಿಯಾಯಿತಿಯಲ್ಲಿ ತಂದ ಟಾರ್ಪಾಲಿನ ಹಣೆಬರಹ ತಿಳಿಯುವುದು ಮೊದಲ ಮಳೆಗೆ. ಸ್ಪ್ರೇಯರಿನ ಬ್ಯಾಟರಿ ಎಷ್ಟು ಟ್ಯಾಂಕು ಎಳೆಯುತ್ತದೆ ಎಂಬುದು ಈರುಳ್ಳಿ ಹೊಲಕ್ಕೆ ಇಳಿದಾಗ. ಆ ಹೊತ್ತಿಗೆ ವಾಪಸು ಕೊಡುವ ಗಡುವೂ ಮುಗಿದಿರುತ್ತದೆ, ಬರೆಯುವ ಉಮೇದೂ ಆರಿರುತ್ತದೆ. ಹೇಳಲು ಏನೂ ಇಲ್ಲದಾಗ ಕೇಳಿ, ಹೇಳಲು ಬೇಕಾದಷ್ಟು ಇರುವಾಗ ಸುಮ್ಮನಾಗುವ ಪದ್ಧತಿ ಇದು.

ಮೂರನೆಯದು, ವಾಪಸಾತಿಯ ಸುಲಭ. ಗಡುವಿನೊಳಗೆ ಸೀರೆಯ ಬಣ್ಣ ಬೇರೆ ಬಂತೆಂದರೆ ಒಂದು ಗುಂಡಿ ಒತ್ತಿದರಾಯಿತು, ಹುಡುಗ ಬಂದು ಎತ್ತಿಕೊಂಡು ಹೋಗುತ್ತಾನೆ, ದುಡ್ಡು ಖಾತೆಗೆ ಬೀಳುತ್ತದೆ. ಕೊಂಡವರ ಪಾಲಿಗೆ ಜಗಳ ಅಲ್ಲಿಗೇ ಮುಗಿಯಿತು. ಅದೇ ಸೀರೆಯನ್ನು ನಾಳೆ ಕೊಳ್ಳುವ ಇನ್ನೊಬ್ಬಾಕೆಗೆ ಎಚ್ಚರಿಕೆಯ ಮಾತು ಉಳಿಯುವುದಿಲ್ಲ. ದುಡ್ಡು ಹಿಂದಕ್ಕೆ ಸಿಕ್ಕಿತು ಎಂಬ ಸಮಾಧಾನದಲ್ಲಿ ದೂರು ಕರಗಿಹೋಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಮಾರಿದವನು ಕಾಣುವುದೇ ಇಲ್ಲ. ಜನ “ಅಮೆಜಾನ್‌ನಲ್ಲಿ ತಗೊಂಡೆ”, “ಮೀಶೋದಲ್ಲಿ ಬಂತು” ಎನ್ನುತ್ತಾರೆ. ಮಾರಿದವನ ಹೆಸರು ಸಣ್ಣ ಅಕ್ಷರದಲ್ಲಿ ಎಲ್ಲೋ ಇರುತ್ತದೆ. ಒಂದೇ ಸರಕನ್ನು ನಾಲ್ವರು ಮಾರುವ ಪುಟದಲ್ಲಿ ನೀವು ಬರೆದ ಹೊಗಳಿಕೆ ಸರಕಿಗೆ ಅಂಟುತ್ತದೆ, ಒಪ್ಪವಾಗಿ ಕಟ್ಟಿ ಹೊತ್ತಿಗೆ ಸರಿಯಾಗಿ ಕಳಿಸಿದವನಿಗೆ ದಕ್ಕುವುದಿಲ್ಲ. ಮಾರಿದವನಿಗೆ ಅಂಕ ಕೊಡುವ ಜಾಗ ಬೇರೆಯೇ ಇದ್ದು, ಅದನ್ನು ಹುಡುಕಿ ಹೋಗುವವರು ಅಪರೂಪ. ಇನ್ನು ಕಣ್ಣಿಗೆ ಕಾಣುವ ಒಬ್ಬನೇ ಮನುಷ್ಯನೆಂದರೆ ಪಾರ್ಸೆಲ್ ಹುಡುಗ. “ಅಣ್ಣ, ಮಾರಮ್ಮನ ಗುಡಿ ಹತ್ರ ನಿಂತಿದೀನಿ, ಯಾವ ಕಡೆ ಬರ್ಲಿ?” ಎಂದು ಬಿಸಿಲಲ್ಲಿ ಫೋನು ಮಾಡುತ್ತಾನೆ. ಒಟಿಪಿ ಹೇಳಿದ ಮೇಲೆ, “ಮೆಸೇಜ್ ಬರುತ್ತೆ, ಫೈವ್ ಸ್ಟಾರ್ ಒತ್ತಿಬಿಡಣ್ಣ” ಎನ್ನುತ್ತಾನೆ. ನಮ್ಮೂರಿನ ಹುಡುಗ, ಹೊಟ್ಟೆಪಾಡು. ಒತ್ತುತ್ತೇವೆ. ಹೇಳಬೇಕಾದ್ದನ್ನು ಹೇಳಿಯಾಯಿತು ಎಂಬ ಭಾವನೆ ಬಂದುಬಿಡುತ್ತದೆ.

ಕೊನೆಯದು ಅಪನಂಬಿಕೆ. ಪೆಟ್ಟಿಗೆ ಬಿಚ್ಚಿದರೆ ಕೆಲವೊಮ್ಮೆ ಬಣ್ಣದ ಚೀಟಿಯೊಂದು ಬೀಳುತ್ತದೆ: ಐದು ಚುಕ್ಕಿ ಕೊಟ್ಟು ಅದರ ಚಿತ್ರ ಕಳಿಸಿದರೆ ಇಷ್ಟು ರೂಪಾಯಿ ವಾಪಸು. ಇಂಥ ಚೀಟಿ ಕಂಡವರು ಉಳಿದವರ ಚುಕ್ಕಿಗಳನ್ನು ಹೇಗೆ ನಂಬಿಯಾರು? ಸುಳ್ಳಿನ ರಾಶಿಯ ನಡುವೆ ನನ್ನದೊಂದು ನಿಜ ಯಾಕೆ ಎಂದು ಕೈಬಿಡುತ್ತಾರೆ. ಇನ್ನು ಹೆಣ್ಣುಮಕ್ಕಳಿಗೆ ಬೇರೆಯದೇ ಅಂಜಿಕೆ. ವಿಳಾಸವೂ ಫೋನ್ ನಂಬರೂ ಪೆಟ್ಟಿಗೆಯ ಮೇಲೇ ಇರುವಾಗ ಕೆಟ್ಟದ್ದು ಬರೆದು ಯಾರ ಕೈಯಲ್ಲಿ ಫೋನು ಮಾಡಿಸಿಕೊಳ್ಳುವುದು?

ಹಾಗಾದರೆ ಮಾತು ಎಲ್ಲಿಗೆ ಹೋಯಿತು? ವಾಟ್ಸ್‌ಆ್ಯಪ್ ಗುಂಪಿಗೆ, ಸ್ವಸಹಾಯ ಸಂಘದ ವಾರದ ಸಭೆಗೆ, ನಲ್ಲಿಯ ಹತ್ತಿರಕ್ಕೆ. ಮೀಶೋ ತನ್ನ ಮೊದಲ ವರ್ಷಗಳಲ್ಲಿ ಬೆಳೆದದ್ದೇ ಈ ಗುಟ್ಟು ಹಿಡಿದು. ಮನೆಯಲ್ಲಿರುವ ಹೆಂಗಸರು ಸೀರೆಯ ಚಿತ್ರಗಳನ್ನು ಪರಿಚಿತರಿಗೆ ಕಳಿಸಿ, ಬೇಡಿಕೆ ಪಡೆದು, ನಡುವೆ ಚೂರು ಲಾಭವಿಟ್ಟುಕೊಂಡು ಮಾರುತ್ತಿದ್ದರು. ಬಟ್ಟೆ ಬಣ್ಣ ಬಿಟ್ಟರೆ ಕೊಂಡಾಕೆ ಧ್ವನಿಸಂದೇಶದಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು, ಚೆನ್ನಾಗಿದ್ದರೆ ಉಟ್ಟ ಫೋಟೊ ಕಳಿಸುತ್ತಿದ್ದಳು. ಮುಖ ಗೊತ್ತಿರುವ ಕಡೆ ಮಾತಿಗೆ ಬರವಿಲ್ಲ ಎನ್ನಲು ಬೇರೆ ಸಾಕ್ಷಿ ಬೇಡ.

ಈ ಮೌನದ ನಷ್ಟ ಯಾರಿಗೆ? ಕೊಂಡವರಿಗೆ ಸ್ವಲ್ಪ, ದೊಡ್ಡ ವ್ಯಾಪಾರಿಗೆ ಏನೂ ಇಲ್ಲ. ಪೂರಾ ಪೆಟ್ಟು ಬೀಳುವುದು ಪ್ರಾಮಾಣಿಕ ಸಣ್ಣ ವ್ಯಾಪಾರಿಗೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲೇ ಇದನ್ನು ಹೇಳಿದ್ದರು, ಮುಂದೆ ಅದಕ್ಕೆ ನೊಬೆಲ್ ಕೂಡ ಬಂತು. ಒಳ್ಳೆಯದು ಯಾವುದು, ಕಳಪೆ ಯಾವುದು ಎಂದು ಕೊಳ್ಳುವವನಿಗೆ ತಿಳಿಯದ ಮಾರುಕಟ್ಟೆಯಲ್ಲಿ ಆತ ಎಲ್ಲದಕ್ಕೂ ನಡುಮಟ್ಟದ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆ ಗಿಟ್ಟದೆ ಒಳ್ಳೆಯ ಸರಕಿನವನು ಅಂಗಡಿ ಎತ್ತುತ್ತಾನೆ, ಕಳಪೆಯವನು ಉಳಿಯುತ್ತಾನೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆದರೆ ಫೋನಿನ ಪರದೆಯ ಮೇಲೆ ಕೈಮಗ್ಗದ ಸೀರೆಯೂ ಯಂತ್ರಮಗ್ಗದ ನಕಲೂ ಒಂದೇ ರೀತಿ ಹೊಳೆಯುತ್ತವೆ. ಎರಡನ್ನೂ ಬೇರೆ ಮಾಡಿ ತೋರಿಸಬಲ್ಲದ್ದು ಉಟ್ಟವಳ ಮಾತು ಮಾತ್ರ. ಚಳ್ಳಕೆರೆ ಕಡೆಯ ಕಂಬಳಿಗೂ, ಹೊಸದುರ್ಗದ ಕೊಬ್ಬರಿ ಎಣ್ಣೆಗೂ ಇದೇ ಮಾತು. 2023ರ ಅಕ್ಟೋಬರ್ 1ರಿಂದ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆಯೂ ರಾಜ್ಯದೊಳಗೆ ಈ ತಾಣಗಳ ಮೂಲಕ ಸರಕು ಮಾರಬಹುದು. ಬಾಗಿಲೇನೋ ತೆರೆಯಿತು. ಒಳಗೆ ಹೋದವರಿಗೆ ಮೊದಲ ಹತ್ತು ಒಳ್ಳೆಯ ಮಾತು ಸಿಗದೆ, ಅವರ ಸರಕು ಹುಡುಕಾಟದ ಪಟ್ಟಿಯಲ್ಲಿ ಕೆಳಗೆ ಎಲ್ಲೋ ಬಿದ್ದಿರುತ್ತದೆ. ಅಷ್ಟು ಕೆಳಗೆ ಬೆರಳು ಜಾರಿಸುವವರು ಯಾರು?

ಕಾನೂನು ಸುಮ್ಮನೆ ಕೂತಿಲ್ಲ. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ತಾಣಗಳು ಮಾರಾಟಗಾರನ ಹೆಸರು, ವಿಳಾಸ, ಗ್ರಾಹಕ ಸೇವೆಯ ಸಂಖ್ಯೆಯ ಜೊತೆಗೆ ಅವನಿಗೆ ಬಂದ ಅಂಕವನ್ನೂ ತೋರಿಸಬೇಕು. ಮಾರಾಟಗಾರ ತಾನೇ ಗ್ರಾಹಕನ ವೇಷ ಹಾಕಿ ಬರೆಯುವಂತಿಲ್ಲ. ದೂರು ಬಂದ 48 ಗಂಟೆಯೊಳಗೆ ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಸಂಸ್ಥೆ ಆನ್‌ಲೈನ್ ಅಭಿಪ್ರಾಯಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿತು. ಆದರೆ ಅದನ್ನು ಪಾಲಿಸುವುದು ಬಿಡುವುದು ತಾಣಗಳ ಇಚ್ಛೆ. ಸುಳ್ಳು ಮಾತನ್ನು ತಡೆಯುವ ಬಗ್ಗೆ ಇಷ್ಟೆಲ್ಲ ಯೋಚಿಸಿದವರು ನಿಜದ ಮಾತು ಹುಟ್ಟುವ ಬಗ್ಗೆ ಅಷ್ಟು ತಲೆಕೆಡಿಸಿಕೊಂಡಿಲ್ಲ.

ಆಗಬೇಕಾದ್ದು ಕಷ್ಟದ್ದೇನಲ್ಲ. ತಾಣಗಳು ಸರಕು, ಸಾಗಣೆ, ಮಾರಾಟಗಾರ ಈ ಮೂರನ್ನೂ ಒಂದೇ ಗಂಟಿಗೆ ಕಟ್ಟದೆ, ಒಂದೊಂದರ ಬಗ್ಗೆಯೂ ಬೇರೆ ಬೇರೆಯಾಗಿ ಕೇಳಲಿ. ಎರಡನೇ ದಿನ ಕೇಳಿದ್ದು ಸಾಕು, ತಿಂಗಳ ಮೇಲೆ ಇನ್ನೊಮ್ಮೆ ಕೇಳಲಿ. ಕನ್ನಡದಲ್ಲಿ ಬಾಯಿಬಿಟ್ಟು ಹೇಳಿದ್ದನ್ನೇ ದಾಖಲಿಸಿಕೊಳ್ಳಲಿ, ಬರೆಯಲು ಹಿಂಜರಿಯುವ ತಾಯಂದಿರು ಹೇಳಲು ಹಿಂಜರಿಯುವವರಲ್ಲ. ನಮ್ಮ ಜಿಲ್ಲೆಯ ಸಣ್ಣ ವ್ಯಾಪಾರಿಗಳೂ ಪೆಟ್ಟಿಗೆಯೊಳಗೆ ಲಂಚದ ಚೀಟಿ ಇಡದೆ, ತಮ್ಮ ಊರು, ಹೆಸರು, ಸರಕು ತಯಾರಾದ ಬಗೆಯನ್ನು ಕನ್ನಡದಲ್ಲಿ ಬರೆದಿಡಲಿ. ಮುಖ ಕಂಡರೆ ಮಾತು ತಾನಾಗಿ ಬರುತ್ತದೆ.

ಓದುಗರಲ್ಲಿ ನಮ್ಮದೊಂದು ವಿನಂತಿ. ಮೋಸ ಹೋದಿರೋ, ಸುಮ್ಮನಿರಬೇಡಿ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮಾರಿದವನು ಯಾವ ರಾಜ್ಯದವನೇ ಆಗಿರಲಿ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಸರಕು ಚೆನ್ನಾಗಿ ಬಂದಿತೋ, ಆಗಲೂ ಸುಮ್ಮನಿರಬೇಡಿ. ಒಂದು ತಿಂಗಳು ಬಳಸಿ, ಮಾರಿದವನ ಹೆಸರು ಹುಡುಕಿ, ಕನ್ನಡದಲ್ಲೇ ಎರಡು ಸಾಲು ಬರೆಯಿರಿ. ಮಗನ ಖಾತೆಯಾದರೆ ಮಗನ ಕೈಯಲ್ಲಿ ಬರೆಸಿ. ಅಷ್ಟು ಮಾಡಿದರೆ ನಿಮ್ಮ ನಂತರ ಕೊಳ್ಳುವವರು ಮೋಸ ಹೋಗುವುದಿಲ್ಲ, ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರು ಬದುಕುತ್ತಾರೆ.