ಹಳ್ಳದ ಕಲ್ಲು
ಪಳೆಯುಳಿಕೆ ಹುಡುಕಬೇಕೆಂದು ಹಟ ಹಿಡಿದ ಅಣ್ಣನ ಮಗಳ ಜೊತೆ ಮೇಳಿಗೆಯ ಹಳ್ಳಕ್ಕಿಳಿದೆ. ಕಾಲಿಗಂಟಿದ ಉಂಬಳ ಕೀಳುತ್ತಾ ಸಂಜೆಯವರೆಗೆ ಅಲೆದರೂ ಒಂದು ಚಿಪ್ಪೂ ಇಲ್ಲ. ಸಿಗುವುದಾದರೂ ಹೇಗೆ? ಭೂಮಿಯ ಮೇಲೆ ಚಿಪ್ಪು, ಮೂಳೆ ಹುಟ್ಟುವ ಎಷ್ಟೋ ಮೊದಲೇ ನಮ್ಮ ಮಲೆನಾಡಿನ ಬಂಡೆ ಗಟ್ಟಿಯಾಗಿತ್ತು. ಆದರೆ ಇದೇ ಜಿಲ್ಲೆಯ ಕುಂಸಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ: ಸುಮಾರು 260 ಕೋಟಿ ವರ್ಷಗಳ ಹಿಂದೆ, ಆಳವಿಲ್ಲದ ಕಡಲಿನಲ್ಲಿ, ಕಣ್ಣಿಗೆ ಕಾಣದ ಜೀವಿಗಳು ಪದರದ ಮೇಲೆ ಪದರ ಕೂಡಿಸಿ ಕಟ್ಟಿದ ಗುಮ್ಮಟಗಳು. ನಾವು ಉಸಿರಾಡುವ ಆಮ್ಲಜನಕವನ್ನು ಗಾಳಿಗೆ ತುಂಬಿದ್ದು ಅಂಥ ಜೀವಿಗಳೇ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇಂಥ ಗುಮ್ಮಟಗಳು ಇಂದಿಗೂ ಬೆಳೆಯುತ್ತಿವೆ. ಇಷ್ಟು ಕೇಳಿದ ಹುಡುಗಿ ಬಂಡೆಯ ಜಾರು ಪಾಚಿಯನ್ನು ಬೆರಳಲ್ಲಿ ಮೆಲ್ಲಗೆ ಸವರಿ, “ಚಿಕ್ಕಪ್ಪ, ಇವು ಅವುಗಳ ನೆಂಟರಾ?” ಅಂದಳು. “ಹೌದು ಮಗಾ,” ಅಂದೆ.