ಎಂ.ಎಸ್. ರೋಗಿಗೆ ವ್ಯಾಯಾಮ ಬೇಡವೆ?

1964ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರಕ್ ನಗರದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಹಿಮದ ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ಅಂಕುಡೊಂಕಾಗಿ ಜಾರುವ ಸ್ಪರ್ಧೆಯಲ್ಲಿ ಅಮೆರಿಕದ ಜಿಮ್ಮಿ ಹ್ಯೂಗಾ ಕಂಚಿನ ಪದಕ ಗೆದ್ದರು. 1970ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಅವರಿಗೆ ಮಲ್ಟಿಪಲ್ ಸ್ಕ್ಲಿರೋಸಿಸ್ (ಎಂ.ಎಸ್.) ಇರುವುದು ತಿಳಿಯಿತು. ಶ್ರಮಪಡಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ ಎಂಬುದೇ ಆಗ ಸಿಕ್ಕ ಸಲಹೆ.

ಏನಿದು ಎಂ.ಎಸ್.? ಮನೆಯ ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನಮ್ಮ ಅನೇಕ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿದೆ. ಹೊದಿಕೆಯುಳ್ಳ ದಪ್ಪ ತಂತುಗಳಲ್ಲಿ ಸಂದೇಶವು ಸೆಕೆಂಡಿಗೆ ಸುಮಾರು 100 ಮೀಟರ್ ಓಡಬಲ್ಲದು. ಹೊದಿಕೆಯೇ ಇಲ್ಲದ ಸಣ್ಣ ತಂತುಗಳಲ್ಲಿ ಅದರ ವೇಗ ಸುಮಾರು 1 ಮೀಟರ್ ಮಾತ್ರ. ಎಂ.ಎಸ್. ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಮಿದುಳುಬಳ್ಳಿಯಲ್ಲಿನ ಈ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಆಗ ದೃಷ್ಟಿ ಮಂಜಾಗಬಹುದು, ಕಾಲು ಸೋಲಬಹುದು, ವಿಪರೀತ ಆಯಾಸವಾಗಬಹುದು. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಕಾಣಿಸಿಕೊಳ್ಳುವ ಈ ರೋಗ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ.

ವ್ಯಾಯಾಮದ ಬಗ್ಗೆ ಅಂಜಿಕೆ ಹುಟ್ಟಲು ಕಾರಣವೂ ಇತ್ತು. ಶ್ರಮಪಟ್ಟಾಗ ಕೆಲವು ಎಂ.ಎಸ್. ರೋಗಿಗಳ ದೃಷ್ಟಿ ಮಂಕಾಗುವುದನ್ನು 1890ರಲ್ಲಿ ಜರ್ಮನಿಯ ನೇತ್ರತಜ್ಞ ವಿಲ್‌ಹೆಲ್ಮ್ ಊಟ್‌ಹಾಫ್ ದಾಖಲಿಸಿದರು. ಇದಕ್ಕೆ ಕಾರಣ ದೇಹದ ಶಾಖವೆಂಬುದು ನಂತರ ಗೊತ್ತಾಯಿತು. ಹೊದಿಕೆ ಸವೆದ ನರದಲ್ಲಿ ಸಂದೇಶ ಮೊದಲೇ ತಡವರಿಸುತ್ತಿರುತ್ತದೆ. ಮೈ ಸ್ವಲ್ಪ ಬಿಸಿಯಾದರೂ ಅದು ಅಲ್ಲಲ್ಲಿ ನಿಂತುಬಿಡುತ್ತದೆ. ಆದರೆ ಮೈ ತಣಿದಾಗ ದೃಷ್ಟಿ ಮೊದಲಿನಂತಾಗುತ್ತದೆ. ಅಂದರೆ ರೋಗ ಉಲ್ಬಣಿಸಿತು ಎಂದಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಬಹುಕಾಲ ರೋಗಿಗಳನ್ನು ಸುಮ್ಮನೆ ಕೂರಿಸಲಾಯಿತು. ಕುಳಿತಲ್ಲೇ ಕುಳಿತವರ ಸ್ನಾಯುಗಳು ಸೊರಗಿದವು. ರೋಗದ ನಿಶ್ಶಕ್ತಿಗೆ ಆಲಸ್ಯದ ನಿಶ್ಶಕ್ತಿಯೂ ಸೇರಿಕೊಂಡಿತು.

ಹ್ಯೂಗಾ ಕೆಲವು ವರ್ಷಗಳ ಬಳಿಕ ಈ ಸಲಹೆಯನ್ನು ಬದಿಗಿಟ್ಟು, ತಮ್ಮ ಶಕ್ತಿಗೆ ತಕ್ಕ ವ್ಯಾಯಾಮ ಆರಂಭಿಸಿದರು. 1984ರಲ್ಲಿ ಕೊಲರಾಡೊದಲ್ಲಿ ಇತರ ರೋಗಿಗಳಿಗಾಗಿ ಒಂದು ಕೇಂದ್ರವನ್ನೇ ಸ್ಥಾಪಿಸಿದರು. ರೋಗ ಅವರನ್ನು ಬಿಟ್ಟುಹೋಗಲಿಲ್ಲ. ಆದರೂ 2010ರವರೆಗೆ ಬದುಕಿದ್ದರು.

ಅವರ ನಂಬಿಕೆಗೆ ವಿಜ್ಞಾನದ ಬೆಂಬಲವೂ ದೊರೆಯಿತು. 1996ರಲ್ಲಿ ಪ್ರಕಟವಾದ ಯೂಟಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 54 ರೋಗಿಗಳನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪು 15 ವಾರ, ವಾರಕ್ಕೆ ಮೂರು ಸಲ, 40 ನಿಮಿಷ ಕೈಕಾಲುಗಳಿಂದ ತುಳಿಯುವ ಯಂತ್ರದಲ್ಲಿ ವ್ಯಾಯಾಮ ಮಾಡಿತು. ಅವರ ದೇಹ ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯ ಶೇ. 22ರಷ್ಟು ಹೆಚ್ಚಿತು. ವ್ಯಾಯಾಮದಿಂದ ಎಂ.ಎಸ್. ವಾಸಿಯಾಗುವುದಿಲ್ಲ, ಔಷಧಿ ಬಿಡುವಂತೆಯೂ ಇಲ್ಲ. ಆದರೆ ಇರುವ ಶಕ್ತಿ ಉಳಿಯುತ್ತದೆ, ಬೆಳೆಯುತ್ತದೆ.

ವಾರಕ್ಕೆ 150 ನಿಮಿಷಗಳ ಚಟುವಟಿಕೆಯನ್ನು ಗುರಿಯಾಗಿಟ್ಟುಕೊಂಡು, ಸ್ವಲ್ಪಸ್ವಲ್ಪವಾಗಿ ಅತ್ತ ಸಾಗಬೇಕೆಂದು 2020ರಲ್ಲಿ ಅಮೆರಿಕದ ತಜ್ಞರು ಸೂಚಿಸಿದರು. ಮೊದಲು ಐದು ನಿಮಿಷದ ನಡಿಗೆಯಾದರೂ ಸಾಕು. ನಡೆಯಲಾಗದವರು ಕುರ್ಚಿಯಲ್ಲಿ ಕುಳಿತೇ ಕೈಕಾಲು ಆಡಿಸಬಹುದು. ನಮ್ಮ ಬೇಸಿಗೆಯಲ್ಲಿ ಬೆಳಗಿನ ತಂಪು ಹೊತ್ತು ಒಳ್ಳೆಯದು. ಫ್ಯಾನಿನ ಗಾಳಿ, ತಣ್ಣೀರು, ಕುತ್ತಿಗೆಗೆ ಒದ್ದೆ ಬಟ್ಟೆ ಇರಲಿ. ಯಾವ ವ್ಯಾಯಾಮ, ಎಷ್ಟು ಹೊತ್ತು ಎಂಬುದನ್ನು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ ನಿರ್ಧರಿಸಬೇಕು. ಮೈ ತಣಿದ ಮೇಲೂ ತೊಂದರೆ ಉಳಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಮನೆಯಲ್ಲಿ ತಾಯಿಗೇ ಈ ರೋಗವಿದ್ದರೆ "ಅಮ್ಮಾ, ನೀನು ಏಳಬೇಡ, ಎಲ್ಲ ನಾವೇ ಮಾಡುತ್ತೇವೆ" ಎನ್ನುವುದು ಮಕ್ಕಳ ಪ್ರೀತಿ. ಆಯಾಸವಾದಾಗ ಆ ನೆರವು ಬೇಕೇ ಬೇಕು. ಅದರ ಜೊತೆಗೆ ಸಂಜೆ ಅಮ್ಮನ ಕೈಹಿಡಿದು ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿದರೆ ಅದೂ ಆರೈಕೆಯೇ.