ಪಾಯಿಂಟು ನಮ್ಮದು, ಸೇರು ಅವರದು

‘ಈ ಸಲ ಊರಿಗೆ ಫ್ರೀ ಟಿಕೆಟ್ ಸಿಕ್ತು’ ಎನ್ನುವ ಮಾತು ಮುಂಬಯಿ, ಪುಣೆ, ದೆಹಲಿಯ ಕನ್ನಡಿಗರ ನಡುವೆ ಆಗಾಗ ಕೇಳಿಬರುತ್ತದೆ. ವರ್ಷಕ್ಕೆರಡು ಸಲ ಮಂಗಳೂರಿಗೋ ಹುಬ್ಬಳ್ಳಿಗೋ ಹಾರುವವರಿರಲಿ, ಆಫೀಸಿನ ಖರ್ಚಿನಲ್ಲಿ ತಿಂಗಳಿಗೆರಡು ಸಲ ಹಾರುವವರಿರಲಿ, ಒಂದಲ್ಲ ಒಂದು ವಿಮಾನ ಕಂಪನಿಯ ಸದಸ್ಯತ್ವ ನಮ್ಮಲ್ಲಿ ಬಹಳ ಜನರ ಫೋನಿನಲ್ಲಿದೆ. ಅಲ್ಲಿ ಒಂದಷ್ಟು ಪಾಯಿಂಟು ಕೂತಿರುತ್ತವೆ. ಅವು ಕಂಪನಿ ಮೆಚ್ಚಿ ಕೊಟ್ಟ ಉಡುಗೊರೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಹಾರ ನಿಂತಿದೆ. ಅದು ಉಡುಗೊರೆಯಲ್ಲ, ನಾವು ಕೊಟ್ಟ ಸಾಲ. ತೀರಿಸುವಾಗ ರೂಪಾಯಿಗೆ ಎಷ್ಟು ಪೈಸೆ ಎಂಬುದನ್ನು ಸಾಲ ಪಡೆದವನೇ ನಿರ್ಧರಿಸುವ ವಿಚಿತ್ರ ಸಾಲ.

ಇದು ಸಿಟ್ಟಿನಿಂದ ಹೇಳುವ ಮಾತಲ್ಲ, ಅವರ ಲೆಕ್ಕದ ಪುಸ್ತಕವೇ ಹೇಳುವ ಮಾತು. ಟಿಕೆಟಿನ ಜೊತೆ ಪಾಯಿಂಟು ಕೊಟ್ಟಾಗ, ಆ ಟಿಕೆಟ್ ದುಡ್ಡಿನ ಒಂದು ಪಾಲನ್ನು ಕಂಪನಿ ಕೂಡಲೇ ಆದಾಯವೆಂದು ತೋರಿಸುವಂತಿಲ್ಲ. ಮುಂದೆ ಸಲ್ಲಿಸಬೇಕಾದ ಬಾಕಿ ಎಂದು ಬದಿಗಿಡಬೇಕು. ನಾವು ಪಾಯಿಂಟು ಬಳಸಿದಾಗ ಅದು ಆದಾಯವಾಗುತ್ತದೆ. ಬಳಸದೆ ಅವಧಿ ಮುಗಿದು ಹೋದರೂ ಆದಾಯವೇ. ಹೀಗೆ ಎಷ್ಟು ಪಾಯಿಂಟು ಹಾಳಾಗಿ ಹೋಗಬಹುದೆಂದು ಮೊದಲೇ ಅಂದಾಜು ಕಟ್ಟುತ್ತಾರೆ. ‘ಬ್ರೇಕೇಜ್’ ಎಂದು ಅದಕ್ಕೆ ಹೆಸರು. ನಮ್ಮ ಮರೆವಿಗೂ ಅಲ್ಲೊಂದು ಖಾನೆ ಇದೆ.

ಶುರುವಿನಲ್ಲಿ ಇದು ಇಷ್ಟು ಕೆಟ್ಟ ವ್ಯವಹಾರವೇನಾಗಿರಲಿಲ್ಲ. 1978ರಲ್ಲಿ ಅಮೆರಿಕ ವಿಮಾನದ ದರಗಳ ಮೇಲಿನ ಸರ್ಕಾರಿ ಹಿಡಿತವನ್ನು ಸಡಿಲಿಸಿತು, ಪೈಪೋಟಿ ಹೆಚ್ಚಿತು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ‘ಆಡ್ವಾಂಟೇಜ್’ ಯೋಜನೆ ತಂದಿತು. ಹೇಗೂ ಖಾಲಿ ಹೋಗುವ ಸೀಟನ್ನು ಹಳೆಯ ಗಿರಾಕಿಗೆ ಕೊಟ್ಟರೆ ಕಂಪನಿಗೆ ಕಳೆದುಕೊಳ್ಳುವುದು ಅಷ್ಟರಲ್ಲೇ ಇದೆ. ನಮ್ಮ ಅಂಗಡಿಯವನು ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕಿದಂತೆ.

1987ರಲ್ಲಿ ಸಿಟಿಬ್ಯಾಂಕ್ ಅದೇ ಯೋಜನೆಗೆ ಕ್ರೆಡಿಟ್ ಕಾರ್ಡ್ ಜೋಡಿಸಿದ ಮೇಲೆ ಆಟ ಬದಲಾಯಿತು. ವಿಮಾನ ಕಂಪನಿ ಪಾಯಿಂಟುಗಳನ್ನು ಬ್ಯಾಂಕಿಗೆ ಸಗಟಾಗಿ ಮಾರುತ್ತದೆ, ಬ್ಯಾಂಕು ಕಾರ್ಡುದಾರರಿಗೆ ಹಂಚುತ್ತದೆ. ಕಂಪನಿಯ ಪಾಲಿಗೆ ಪಾಯಿಂಟು ತಾನೇ ಟಂಕಿಸಿದ ನಾಣ್ಯವಾಯಿತು. ಅದರ ಬಲ ಎಷ್ಟೆಂದು 2020ರಲ್ಲಿ ಗೊತ್ತಾಯಿತು. ಕೊರೊನಾ ಕಾಲದಲ್ಲಿ ವಿಮಾನಗಳು ನೆಲ ಹಿಡಿದಾಗ ಯುನೈಟೆಡ್ ಏರ್‌ಲೈನ್ಸ್ ತನ್ನ ಪಾಯಿಂಟು ಯೋಜನೆಯನ್ನು ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ಆ ಯೋಜನೆಗೆ ಕಟ್ಟಿದ ಬೆಲೆ ಸುಮಾರು 2,200 ಕೋಟಿ ಡಾಲರ್. ಷೇರುಪೇಟೆಯಲ್ಲಿ ಆಗ ಇಡೀ ಕಂಪನಿಯ ಬೆಲೆಯೇ ಅದಕ್ಕಿಂತ ಬಹಳ ಕಡಿಮೆ ಇತ್ತು. ಡೆಲ್ಟಾ ಕೂಡ ಇದೇ ದಾರಿಯಲ್ಲಿ 900 ಕೋಟಿ ಡಾಲರ್ ಎತ್ತಿತು.

ಬ್ಯಾಂಕು ಈ ದುಡ್ಡನ್ನು ತನ್ನ ಜೇಬಿನಿಂದ ಕೊಡುತ್ತದೆಯೇ? ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವನು ಮಾರಾಟದ ಒಂದು ಪಾಲನ್ನು ಶುಲ್ಕವಾಗಿ ಕಟ್ಟುತ್ತಾನೆ. ಅದನ್ನವನು ಸಾಮಾನಿನ ಬೆಲೆಯಲ್ಲಿ ಸೇರಿಸದೆ ಇರಲಾರ. ನಗದು ಕೊಟ್ಟವರಿಗೂ ಅದೇ ಬೆಲೆ, ಯುಪಿಐನಲ್ಲಿ ಕೊಟ್ಟವರಿಗೂ ಅದೇ ಬೆಲೆ. ನಮ್ಮ ‘ಫ್ರೀ ಟಿಕೆಟ್’ನ ಒಂದು ಚೂರನ್ನು ಎಂದೂ ವಿಮಾನ ಹತ್ತದವರು ಕಟ್ಟಿರುತ್ತಾರೆ. ಮುಂದಿನ ಸಲ ಆ ಪದ ಬಳಸುವಾಗ ಇದು ನೆನಪಿರಲಿ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಜೆಟ್ ಏರ್‌ವೇಸ್ ಇದೆ. ಅದರ ‘ಜೆಟ್‌ಪ್ರಿವಿಲೇಜ್’ ಯೋಜನೆಯನ್ನು ಪ್ರತ್ಯೇಕ ಕಂಪನಿ ಮಾಡಿ, 2014ರಲ್ಲಿ ಅದರ 50.1 ಶೇಕಡಾ ಪಾಲನ್ನು ಎತಿಹಾದ್‌ಗೆ 15 ಕೋಟಿ ಡಾಲರಿಗೆ ಮಾರಲಾಯಿತು. 2019ರ ಏಪ್ರಿಲ್ 17ರಂದು ಜೆಟ್ ಹಾರಾಟ ನಿಲ್ಲಿಸಿತು. ಸಾವಿರಾರು ನೌಕರರು ಸಂಬಳವಿಲ್ಲದೆ ಬೀದಿಗೆ ಬಂದರು. ಪಾಯಿಂಟು ಕಂಪನಿ ಮಾತ್ರ ಅದೇ ವರ್ಷ ‘ಇಂಟರ್‌ಮೈಲ್ಸ್’ ಎಂದು ಹೆಸರು ಬದಲಿಸಿಕೊಂಡು ಮುಂದುವರಿಯಿತು. ವಿಮಾನ ಹೋಯಿತು, ಮೈಲಿ ಉಳಿಯಿತು! ನಮ್ಮ ಬೆಂಗಳೂರಿನ ಕಿಂಗ್‌ಫಿಷರ್‌ನಲ್ಲಿ ಅಷ್ಟೂ ಆಗಲಿಲ್ಲ. 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತಾಗ, ಅದರ ‘ಕಿಂಗ್ ಕ್ಲಬ್’ ಮೈಲಿ ಹಿಡಿದುಕೊಂಡಿದ್ದವರಿಗೆ ಹತ್ತಲು ವಿಮಾನವೇ ಇರಲಿಲ್ಲ.

ಕಂಪನಿ ಮುಳುಗುವುದು ಅಪರೂಪ. ದಿನನಿತ್ಯ ನಡೆಯುವುದು ಸೇರು ಸಣ್ಣದಾಗುವ ಕೆಲಸ. ಮೊದಲು ಹಾರಿದ ದೂರಕ್ಕೆ ಮೈಲಿ ಸಿಗುತ್ತಿತ್ತು. ಡೆಲ್ಟಾ, ಯುನೈಟೆಡ್ 2015ರಲ್ಲಿ ಅದನ್ನು ಕೊಟ್ಟ ದುಡ್ಡಿಗೆ ತಿರುಗಿಸಿದವು, ಏರ್ ಇಂಡಿಯಾ 2024ರ ಏಪ್ರಿಲ್‌ನಲ್ಲಿ ತಿರುಗಿಸಿತು. ಹೆಚ್ಚು ಕೊಟ್ಟವರಿಗೆ ಹೆಚ್ಚು, ಇದರಲ್ಲೇನು ಅನ್ಯಾಯ ಎನ್ನಬಹುದು. ಆದರೆ ಹೆಚ್ಚು ಕೊಡುವವರು ಯಾರು? ಬಹಳ ಸಲ ಆಫೀಸಿನವರು. ದುಡ್ಡು ಮಾಲೀಕನದು, ಪಾಯಿಂಟು ನೌಕರನ ಖಾತೆಗೆ. ದುಬಾರಿ ಟಿಕೆಟ್ ಕೊಂಡುಕೊಳ್ಳುವಂತೆ ಮಾಲೀಕನ ದುಡ್ಡಿನಲ್ಲೇ ನೌಕರನಿಗೆ ಆಸೆ ತೋರಿಸುವುದಕ್ಕೆ ಬೇರೆ ಕಡೆ ನಾವು ಬೇರೆ ಹೆಸರು ಕೊಡುತ್ತೇವೆ. ಜರ್ಮನಿಯಲ್ಲಿ 2002ರಲ್ಲಿ ಸರ್ಕಾರಿ ಪ್ರವಾಸದ ಮೈಲಿಯನ್ನು ಸ್ವಂತಕ್ಕೆ ಬಳಸಿದ ಕಾರಣಕ್ಕೆ ಗ್ರೆಗೋರ್ ಗೀಸಿ ಬರ್ಲಿನ್ ಸರ್ಕಾರದ ಸ್ಥಾನಕ್ಕೇ ರಾಜೀನಾಮೆ ಕೊಟ್ಟರು. ನಮ್ಮಲ್ಲಿ ಅದು ಜಾಣತನ.

ಸ್ವಂತ ದುಡ್ಡಿನಲ್ಲಿ ಹಾರುವವರ ಪಾಡು ಬೇರೆ. ಎರಡು ತಿಂಗಳು ಮೊದಲೇ ಅಗ್ಗದ ಟಿಕೆಟ್ ಹುಡುಕಿದವರಿಗೆ ಸಿಗುವುದು ಚಿಲ್ಲರೆ ಪಾಯಿಂಟು. ಅದನ್ನು ಕೂಡಿಟ್ಟು ದೀಪಾವಳಿಗೆ ಊರಿಗೆ ಹೋಗೋಣವೆಂದರೆ ಪಾಯಿಂಟಿನ ಸೀಟು ಇರುವುದಿಲ್ಲ, ಇದ್ದರೂ ಆ ದಿನಕ್ಕೆ ದುಪ್ಪಟ್ಟು ಕೇಳಬಹುದು. ಮೇಲೆ ತೆರಿಗೆ, ಶುಲ್ಕವೆಂದು ನಗದನ್ನೂ ಕಟ್ಟಬೇಕು.

‘ಹೇಗೂ ಹೋಗುತ್ತೇವಲ್ಲ, ಬಂದಷ್ಟು ಬರಲಿ’ ಎನ್ನುವವರು ನಿಜಕ್ಕೂ ಒಂದು ರೂಪಾಯಿಯನ್ನೂ ಹೆಚ್ಚು ಕೊಡದಿದ್ದರೆ ಅವರ ಮಾತು ಸರಿ. ಆದರೆ ಎಂಟುನೂರು ರೂಪಾಯಿ ಅಗ್ಗದ ವಿಮಾನ ಪಕ್ಕದಲ್ಲೇ ಕಾಣುತ್ತಿದ್ದರೂ ‘ನಮ್ಮ ಕಂಪನಿ’ಯನ್ನೇ ಹಿಡಿಯುವಂತೆ ಮಾಡುವುದೇ ಇಡೀ ಯೋಜನೆಯ ಉದ್ದೇಶ. ಲೆಕ್ಕ ಹಾಕಿ ಆಡಿ ಬಿಸಿನೆಸ್ ಕ್ಲಾಸಿನಲ್ಲಿ ಹೋಗಿಬಂದ ಜಾಣರು ಇದ್ದಾರೆ, ಒಪ್ಪುತ್ತೇನೆ. ಮರೆತು ಪಾಯಿಂಟು ಕಳೆದುಕೊಂಡ ಉಳಿದವರಿಂದಲೇ ಅವರ ಜಾಣತನಕ್ಕೆ ಜಾಗ ಆಗಿರುವುದು.

ಕೋರ್ಟಿಗೆ ಹೋದರೆ? ಅಮೆರಿಕದಲ್ಲಿ ನಾರ್ತ್‌ವೆಸ್ಟ್ ಏರ್‌ಲೈನ್ಸ್ ಒಬ್ಬ ರಬ್ಬಿಯ ಸದಸ್ಯತ್ವವನ್ನು, ದೂರು ಕೊಡುವುದು ಹೆಚ್ಚಾಯಿತೆಂದು ರದ್ದುಮಾಡಿತು. ಕಂಪನಿ ಪ್ರಾಮಾಣಿಕವಾಗಿ ನಡೆದುಕೊಂಡಿಲ್ಲ ಎಂಬ ಅವರ ವಾದವನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು. ಕಾರಣವಾಗಿದ್ದು 1978ರ ಅದೇ ಕಾಯ್ದೆ.

ನಮ್ಮಲ್ಲಿ ಬೀದಿಯ ತರಕಾರಿ ತಕ್ಕಡಿಗೂ ಮಾಪನ ಇಲಾಖೆಯ ಮುದ್ರೆ ಬೇಕು. ಮೊಬೈಲ್ ವ್ಯಾಲೆಟ್ಟಿನ ದುಡ್ಡಿಗೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. ವಿಮಾನ ರದ್ದಾದರೆ ಏನು ಕೊಡಬೇಕೆಂದು ಡಿಜಿಸಿಎ ಬರೆದಿಟ್ಟಿದೆ. ಪಾಯಿಂಟಿಗೂ ಅಂಥದೊಂದು ಮುದ್ರೆ ಬೇಕು. ಬೆಲೆ ಇಳಿಸುವ ಮೊದಲು ಒಂದು ವರ್ಷದ ನೋಟಿಸು ಕೊಡಲಿ, ಈಗಾಗಲೇ ಗಳಿಸಿದ್ದಕ್ಕೆ ಹಳೆಯ ದರವೇ ಇರಲಿ, ದುಡ್ಡು ಪಡೆದು ಕೊಟ್ಟ ಪಾಯಿಂಟಿಗೆ ಅವಧಿ ಎಂಬುದೇ ಬೇಡ. ಬುಕಿಂಗ್ ಪುಟದಲ್ಲಿ ‘ಈ ಪ್ರಯಾಣಕ್ಕೆ 300 ಪಾಯಿಂಟು’ ಎಂದು ದಪ್ಪ ಅಕ್ಷರದಲ್ಲಿ ಬರೆಯುವವರಿಗೆ, ಅದರ ಇವತ್ತಿನ ಬೆಲೆ ಎಷ್ಟು ರೂಪಾಯಿ ಎಂದು ಪಕ್ಕದಲ್ಲೇ ಬರೆಯಲು ಅರ್ಧ ಸಾಲು ಸಾಕು.